ಮೈಕ್ರೋಸ್ಕೋಪಿನ ಹೊದಿಕೆ

ಹೆಣ ತೊಳೆಯುತ್ತಿದ್ದ ಕೋಣೆಯ ಬಾಗಿಲು ಅರ್ಧ ತೆರೆದು ಒಂದು ಒದ್ದೆ ಕೈ ಹೊರಗೆ ಬಂತು. ಬೆರಳಿಗೆ ಕಪ್ಪು ದಾರ ಸುತ್ತಿಕೊಂಡಿತ್ತು. ದಾರದಲ್ಲಿ ಹಿತ್ತಾಳೆಯ ಬೀಗದ ಕೈ.

"ಕೊರಳಲ್ಲಿತ್ತು," ಎಂದ ಹೆಣ ತೊಳೆಯಲು ಬಂದಿದ್ದ ಶೇಖ್ ಮಿತ್ವಲ್ಲಿ, ಒಳಗಿನಿಂದಲೇ. "ಗಂಟು ಬಿಚ್ಚೋಕೆ ಆಗ್ಲಿಲ್ಲ, ಕತ್ತರಿಸ್ದೆ. ಯಾರ ಕೈಗೆ ಕೊಡ್ಲಿ?"

ಪಡಸಾಲೆಯಲ್ಲಿ ಕುಳಿತಿದ್ದ ಹೆಂಗಸರು ನಜ್ವಾಳನ್ನು ನೋಡಿದರು. ತೀರಿಹೋದ ಶೌಕತ್‌ನಿಗೆ ಅವಳೊಬ್ಬಳೇ ಮಗಳು. ಎದ್ದು ಹೋಗಿ ಕೈಯೊಡ್ಡಿದಳು. ಬೀಗದ ಕೈ ಬೆಚ್ಚಗಿತ್ತು. ಹೆಣಕ್ಕೆ ಹಾಕುವ ನೀರನ್ನು ಕಾಯಿಸಿರುತ್ತಾರೆ ಎಂದು ಹೊಳೆಯುವಷ್ಟರಲ್ಲಿ ಅವಳು ಅದನ್ನು ಬೀಳಿಸಿಬಿಟ್ಟಿದ್ದಳು.

ಎತ್ತಿಕೊಟ್ಟವಳು ಎದುರು ಮನೆಯ ಉಮ್ಮು ರಮ್ಜಿ. ಬೆಳಗಿನಿಂದ ಅವಳೇ ಅಡುಗೆಮನೆ ಹಿಡಿದು, ಬಂದವರಿಗೆಲ್ಲ ಸಾವಿನ ಮನೆಯ ಸಕ್ಕರೆಯಿಲ್ಲದ ಕಾಫಿ ಮಾಡಿ ಕೊಡುತ್ತಿದ್ದಳು. ನಜ್ವಾಳ ತಾಯಿ ಇನ್ಶಿರಾಹ್ ಮಾತ್ರ ಅವಳ ಕೈಯ ಕಾಫಿ ಮುಟ್ಟಿರಲಿಲ್ಲ. ಬಹಳ ವರ್ಷಗಳ ಹಿಂದೆ ಮಹಡಿಯ ಮೇಲೆ ಒಣಹಾಕಿದ್ದ ಹೂವಿನ ಚಾದರ ಕಾಣೆಯಾಗಿತ್ತು. ಇನ್ಶಿರಾಹ್‌ಳ ಮದುವೆಯ ಚಾದರ. ಆ ಮಹಡಿಗೆ ಬಟ್ಟೆ ಒಣಹಾಕಲು ಹತ್ತುತ್ತಿದ್ದವಳು ಉಮ್ಮು ರಮ್ಜಿ ಒಬ್ಬಳೇ. ಇನ್ಶಿರಾಹ್ ಮೆಟ್ಟಿಲ ಮೇಲೆ ನಿಂತು, ಇಡೀ ಕಟ್ಟಡಕ್ಕೆ ಕೇಳುವಂತೆ ಅವಳನ್ನು ಕಳ್ಳಿ ಎಂದಿದ್ದಳು. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಆದರೂ ಸಾವಿನ ಸುದ್ದಿ ಕೇಳಿ ಮೊದಲು ಬಂದವಳು ಅವಳೇ.

ಹೊರಗೆ ಮೆಟ್ಟಿಲ ಮೇಲೆ ವಿಶ್ವವಿದ್ಯಾಲಯದ ಉಗ್ರಾಣದ ಮುಖ್ಯಸ್ಥ ಮಹ್ರೂಸ್ ಬೊಜ್ಜು ಮೈಯನ್ನು ಗೋಡೆಗೆ ಒರಗಿಸಿ ನಿಂತಿದ್ದ. ಅವರ ಉಳಿದ ಆಯಸ್ಸು ನಿಮಗೆ ಬರಲಿ ಎಂದು ಸಂತಾಪ ಹೇಳಿ ಮುಗಿಸಿದ ಮೇಲೂ ಅವನು ಹೊರಡಲಿಲ್ಲ. ವಿಶ್ವವಿದ್ಯಾಲಯದ ಉಪಕರಣಗಳ ಉಸ್ತುವಾರಿಯವನು ತೀರಿಕೊಂಡರೆ ವಾರಸುದಾರರ ಎದುರಿಗೆ ಅವನ ಕೋಣೆ ತೆಗೆದು ವಸ್ತುಗಳನ್ನು ನೋಡಿಕೊಳ್ಳಬೇಕು, ಅದು ಕಾಯಿದೆ, ಆದರೆ ಇವತ್ತೇ ಆಗಬೇಕೆಂದೇನಿಲ್ಲ, ಮಣ್ಣು ಮುಗಿಯಲಿ, ನಾಳೆ ನಾಳಿದ್ದು ನೋಡೋಣ ಎಂದು ನೆಲ ನೋಡುತ್ತ ಹೇಳಿದ.

ಇನ್ಶಿರಾಹ್ ಮಗಳನ್ನು ಬಾಗಿಲ ಮರೆಗೆ ಎಳೆದುಕೊಂಡಳು.

"ಈಗ್ಲೇ ಹೋಗು."

"ಅಮ್ಮ, ಮಧ್ಯಾಹ್ನದ ನಮಾಜಿಗೆ ಎತ್ಕೊಂಡು ಹೋಗ್ತಾರೆ."

"ಅದಕ್ಕೇ ಹೇಳ್ತಿರೋದು. ಜನಾಜಾ ಮುಂದಿಟ್ಕೊಂಡು ಇಮಾಮರು ಕೇಳ್ತಾರೆ, ಇವರ ಮೇಲೆ ಯಾರದ್ದಾದ್ರೂ ಸಾಲ, ಹಕ್ಕು ಇದ್ಯಾ ಅಂತ. ಯಾರೋ ಎದ್ದು ಆ ಮೈಕ್ರೋಸ್ಕೋಪಿನ ಲೆನ್ಸಿನ ಮಾತು ತೆಗೆದ್ರೆ? ನಾನು ಈ ಊರಲ್ಲಿ ಮುಖ ಎತ್ಕೊಂಡು ಓಡಾಡ್ಬೇಕಲ್ಲ." ದನಿ ಇನ್ನೂ ತಗ್ಗಿಸಿ ಕೇಳಿದಳು: "ಮಾರಿರಲಿಕ್ಕಿಲ್ಲ ಅಲ್ವಾ?"

ನಜ್ವಾ ಚಪ್ಪಲಿ ಮೆಟ್ಟಿದಳು.

*

ಆ ಮಾತು ಹುಟ್ಟಿದ್ದು ಅವಳ ಬಾಯಿಂದಲೇ.

ಆಗ ಅವಳು ಅಪ್ಪ ಕೆಲಸಕ್ಕಿದ್ದ ಸಸ್ಯರೋಗ ಸಂಶೋಧನಾ ಕೇಂದ್ರದಲ್ಲೇ ಎಂ.ಎಸ್ಸಿ. ಮಾಡುತ್ತಿದ್ದಳು. ಭತ್ತದ ಎಲೆಗೆ ಬೀಳುವ ಬೂಷ್ಟು ಅವಳ ವಿಷಯ. ಆ ಬೂಷ್ಟು ಎಲೆಯೊಳಗೆ ಹೇಗೆ ನುಗ್ಗುತ್ತದೆ ಎಂದು ನೋಡಬಲ್ಲ ಮೈಕ್ರೋಸ್ಕೋಪು ಇಡೀ ವಿಶ್ವವಿದ್ಯಾಲಯದಲ್ಲಿ ಇದ್ದದ್ದು ಒಂದೇ. ಜರ್ಮನಿಯಿಂದ ದಾನವಾಗಿ ಬಂದದ್ದು, ಅಪ್ಪನ ಉಸ್ತುವಾರಿಯಲ್ಲಿ ಬೀಗ ಹಾಕಿದ ಕೋಣೆಯಲ್ಲಿತ್ತು.

ಅಲ್ಲಿ ಉಸ್ತುವಾರಿ ಎಂದರೆ ಕೊರಳಿಗೆ ಕಟ್ಟಿದ ಬೀಸುಕಲ್ಲು. ಉಪಕರಣ ಕೆಟ್ಟರೆ ಉಸ್ತುವಾರಿಯವನೇ ತಲೆ ಕೊಡಬೇಕು. ಮುಟ್ಟದೆ ಇಟ್ಟರೆ ಯಾರೂ ಏನೂ ಕೇಳುವುದಿಲ್ಲ. ಹಿಂದೊಮ್ಮೆ ಯಾರೋ ವಿದ್ಯಾರ್ಥಿ ತಕ್ಕಡಿ ಕೆಡಿಸಿದ್ದಕ್ಕೆ ಶೌಕತ್‌ನನ್ನು ಒಂದಿಡೀ ಬೇಸಿಗೆ ವಿಚಾರಣೆಯವರ ಬಾಗಿಲಲ್ಲಿ ಬೆಂಚಿನ ಮೇಲೆ ಕೂರಿಸಿದ್ದರು. ಅಲ್ಲಿಂದ ಬಂದವನು ತನ್ನ ಉಸ್ತುವಾರಿಯಲ್ಲಿದ್ದುದಕ್ಕೆಲ್ಲ ಬೀಗ ಜಡಿದಿದ್ದ.

"ಒಂದೇ ಒಂದು ಬೆಳಗ್ಗೆ ಅಪ್ಪ. ನೀವೇ ಪಕ್ಕದಲ್ಲಿ ನಿಂತಿರಿ."

"ಊರವರ ಮಕ್ಕಳಿಗೆ ಇಲ್ಲ ಅಂದು ನನ್ನ ಮಗಳಿಗೆ ತೆಗೆದ್ರೆ ಏನಂತಾರೆ?"

"ಊರವರ ಮಕ್ಕಳಿಗೂ ತೆಗೀರಿ."

ಅವನು ಅವರೆಕಾಳಿನ ಬಟ್ಟಲಿಗೆ ಎಣ್ಣೆ ಸುರಿದುಕೊಂಡು ರೊಟ್ಟಿ ಮುರಿದ.

ಅವಳ ಎಲೆಗಳು ಸೀಸೆಗಳಲ್ಲೇ ಕೊಳೆತವು. ಒಂದು ದಿನ ಕ್ಯಾಂಟೀನಿನಲ್ಲಿ ಗೆಳತಿಯರು, ನಿಮ್ಮಪ್ಪ ಆ ಬಾಗಿಲನ್ನ ಯಾಕೆ ತೆಗೆಯಲ್ಲವೇ ಎಂದು ಕಿಚಾಯಿಸಿದಾಗ ಅವಳು ಟೀ ಲೋಟ ಕುಕ್ಕಿ ಹೇಳಿದ್ದಳು: "ಒಳಗೆ ಲೆನ್ಸ್ ಇದ್ರೆ ತಾನೇ ತೆಗೆಯೋದು? ಮಾರ್ಕೊಂಡು ತಿಂದಿರ್ಬೇಕು."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ಮಾತು ಕ್ಯಾಂಟೀನಿನಿಂದ ಎದ್ದು ವಿಭಾಗ ವಿಭಾಗ ಸುತ್ತಿತು. ಸುತ್ತುತ್ತ ಸುತ್ತುತ್ತ ಅದಕ್ಕೆ ಕೈಕಾಲು ಮೂಡಿದವು. ಕೊಂಡವನು ಅಲೆಕ್ಸಾಂಡ್ರಿಯಾದ ಕನ್ನಡಕದಂಗಡಿಯವನಂತೆ, ಹಣವೆಲ್ಲ ಮಗಳ ಮದುವೆಗೆಂದು ಕೂಡಿಟ್ಟಿದ್ದಾನಂತೆ. ಮನೆಯ ಹೊಸಿಲಿಗೆ ವಾಪಸ್ಸು ಬರುವ ಹೊತ್ತಿಗೆ ನಜ್ವಾಳೇ ಅದನ್ನು ಅರ್ಧ ನಂಬಿದ್ದಳು.

ಆ ಸಂಜೆ ಶೌಕತ್ ಬೀಗದ ಕೈಯನ್ನು ಎಂದಿನಂತೆ ಬಾಗಿಲ ಹಿಂದಿನ ಮೊಳೆಗೆ ಹಾಕಲಿಲ್ಲ. ಒಂದು ಗಟ್ಟಿ ದಾರ ಇದೆಯಾ ಎಂದು ಹೆಂಡತಿಯನ್ನು ಕೇಳಿ ಇಸಿದುಕೊಂಡ. ಬೀಗದ ಕೈ ಪೋಣಿಸಿ ಕೊರಳಿಗೆ ಹಾಕಿಕೊಂಡು, ಮಗಳ ಮುಂದೆ ಬೆನ್ನು ಮಾಡಿ ಕುಳಿತ.

"ಗಂಟು ಹಾಕು. ಗಟ್ಟಿಯಾಗಿ ಹಾಕು ಮಗಳೇ, ನನಗೂ ಬಿಚ್ಚೋಕೆ ಬರಬಾರದು."

ಮಾತು ಯಾರದೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ಅವಳಿಗೆ ಕೊನೆಗೂ ತಿಳಿಯಲಿಲ್ಲ. ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಓದು ಬಿಟ್ಟು ಮಾಧ್ಯಮಿಕ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರಾದಳು, ಮದುವೆಯಾದಳು. ಅಪ್ಪ ನಿವೃತ್ತನಾದ. ಆದರೆ ಆ ಕೋಣೆಯ ಉಸ್ತುವಾರಿ ಹೊರಲು ಯಾರೂ ಒಪ್ಪದ್ದರಿಂದ, ಸಂಬಳ ನಿಂತ ಮೇಲೂ ಅವನು ದಿನಾ ಬೆಳಗ್ಗೆ ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡು ಕೇಂದ್ರಕ್ಕೆ ಹೋಗಿ ಬರುತ್ತಿದ್ದ.

*

ಕೇಂದ್ರ ರಸ್ತೆಯಾಚೆಗೇ ಇತ್ತು. ಕಾರಿಡಾರಿನ ಎರಡೂ ಬದಿಗೆ ಸತ್ತ ಫ್ರಿಜ್ಜುಗಳು, ಕಾಲು ಮುರಿದ ಸ್ಟೂಲುಗಳು, ವಿಲೇವಾರಿ ಸಮಿತಿ ಬರುತ್ತದೆಂದು ಕಾದು ಕುಳಿತ ಯಂತ್ರಗಳು. ಒಂದು ಓವನ್ನಿನೊಳಗೆ ಪಾರಿವಾಳ ಮೊಟ್ಟೆಯಿಟ್ಟಿತ್ತು.

"ಈ ಫ್ರಿಜ್ಜು ಸರ್ವಿಸಲ್ಲಿ ನನಗಿಂತ ಹಿರಿಯ," ಎಂದ ಮಹ್ರೂಸ್, ಅಡ್ಡ ಬಂದ ಬಾಗಿಲೊಂದನ್ನು ಸರಿಸುತ್ತ. ಅವಳು ನಗಲಿಲ್ಲವೆಂದು ಕಂಡು ಮುಂದೆ ನಡೆದ.

ಬೀಗಕ್ಕೆ ಎಣ್ಣೆ ಬಿಟ್ಟಿದ್ದರು. ಬೀಗದ ಕೈ ತಿರುಗಿದ್ದೇ ಗೊತ್ತಾಗಲಿಲ್ಲ. ಒಳಗೆ ಕಾಲಿಡುವ ಮೊದಲು ನಜ್ವಾ ಮನಸ್ಸಿನಲ್ಲೇ ಬೇಡಿಕೊಂಡಳು. ಏನನ್ನು ಬೇಡಿಕೊಂಡೆನೆಂದು ಅರ್ಥವಾಗಿ ಹೊಸಿಲ ಮೇಲೇ ನಿಂತಳು. ಲೆನ್ಸ್ ಇಲ್ಲದಿರಲಿ ಎಂದು ಬೇಡಿದ್ದಳು. ಇಲ್ಲದಿದ್ದರೆ ಅವಳಾಡಿದ್ದು ನಿಜವಾಗುತ್ತಿತ್ತು.

ಬಾಗಿಲ ಒಳಗೆ ಅಪ್ಪನ ಹಳೆಯ ಮನೆ ಚಪ್ಪಲಿಗಳಿದ್ದವು. ಹೊರಗಿನ ಧೂಳು ಬಾರದಿರಲೆಂದು ಅಲ್ಲೇ ಬದಲಿಸಿಕೊಳ್ಳುತ್ತಿದ್ದನೇನೋ. ಮಹ್ರೂಸ್ ಅವನ್ನು ನೋಡಿ ತನ್ನ ಬೂಟು ಬಿಚ್ಚಿಟ್ಟ. ಮೇಜಿನ ಮೇಲಿದ್ದ ಎತ್ತರದ ಆಕಾರಕ್ಕೆ ಒಂದು ಬಟ್ಟೆ ಹೊದಿಸಿತ್ತು. ಕೆಂಪು ದಾಳಿಂಬೆ ಹೂವು, ಹಸಿರು ಬಳ್ಳಿ.

ನಜ್ವಾ ಹತ್ತಿರ ಹೋಗಿ ನೋಡಿದಳು. ಅಮ್ಮನ ಕಾಣೆಯಾದ ಮದುವೆಯ ಚಾದರ.

ಮಹ್ರೂಸ್ ಅದನ್ನು ಮೆಲ್ಲಗೆ ಎತ್ತಿದ. ಕೆಳಗಿದ್ದ ಮೈಕ್ರೋಸ್ಕೋಪಿಗೆ ಕಾರ್ಖಾನೆಯವರು ಅಂಟಿಸಿದ್ದ ತೆಳು ಪ್ಲಾಸ್ಟಿಕ್ಕು ಕೂಡ ಇನ್ನೂ ಬಿಟ್ಟಿರಲಿಲ್ಲ. ಲೆನ್ಸುಗಳ ಪೆಟ್ಟಿಗೆಯ ಮೊಹರು ಒಡೆದಿರಲಿಲ್ಲ. ಅವನು ಒಡೆದು ನೋಡಿದ. ಲೆನ್ಸುಗಳು ಗೂಡಿನ ಮೊಟ್ಟೆಗಳ ಹಾಗೆ ಮಲಗಿದ್ದವು.

"ಎಲ್ಲ ಇದೆ," ಎಂದ. ಪೆಟ್ಟಿಗೆ ಮುಚ್ಚುತ್ತ ಮತ್ತೆ, "ಎಲ್ಲ ಇದೆ. ನಾನೂ ನಾಲ್ಕು ಕಡೆ ಆಡ್ಕೊಂಡಿದೀನಿ ಮಗಳೇ, ದೇವರು ಕ್ಷಮಿಸ್ಲಿ. ಯಾವ ನಾಲಿಗೆ ಮೊದಲು ಆಡಿತ್ತೋ, ಅದಕ್ಕೆ ಹುಳ ಬೀಳ್ಲಿ."

ನಜ್ವಾ ತಲೆ ಬಗ್ಗಿಸಿ ನಿಂತಿದ್ದಳು. 

ಇನ್ನು ಇದನ್ನೇನು ಮಾಡುತ್ತೀರಿ ಎಂದು ಕೇಳಿದಳು. ಇದರ ದೀಪ ಕೆಟ್ಟರೆ ಬೇರೆಯದು ಈಗ ಎಲ್ಲೂ ಸಿಗುವುದಿಲ್ಲ, ಮಾಡುತ್ತಿದ್ದ ಕಂಪನಿಯೇ ಮುಚ್ಚಿದೆ, ಕಾರಿಡಾರಿಗೆ ಹಾಕಿಸುತ್ತೇವೆ ಎಂದ ಮಹ್ರೂಸ್. ಬೀಗದ ಕೈಯನ್ನು ಕತ್ತರಿಸಿದ ದಾರದಿಂದ ಜಾರಿಸಿ ಜೇಬಿಗಿಳಿಸಿ, ದಾರವನ್ನೂ ಚಾದರವನ್ನೂ ಅವಳ ಕೈಗೆ ಹಾಕಿದ. "ಇವೆರಡು ನಮ್ಮವಲ್ಲ."

*

ನಜ್ವಾ ಕೇಂದ್ರದಿಂದ ನೇರ ಮಸೀದಿಗೆ ಹೋಗಿ ಹೆಂಗಸರೊಡನೆ ಪರದೆಯ ಹಿಂದೆ ನಿಂತಳು. ಇಮಾಮರು ಕೇಳಿದರು. ಮೃತನ ಮೇಲೆ ಯಾರದ್ದಾದರೂ ಹಕ್ಕಿದ್ದರೆ ಈಗಲೇ ಹೇಳಲಿ, ಇಲ್ಲವೇ ಬಿಟ್ಟುಕೊಡಲಿ. ಗಂಡಸರ ಸಾಲಿನಿಂದ ಮಹ್ರೂಸ್‌ನ ದನಿ ಎದ್ದಿತು.

"ವಿಶ್ವವಿದ್ಯಾಲಯದ್ದು ಇವರ ಮೇಲೆ ಏನೂ ಇಲ್ಲ. ಒಂದು ಸುಳ್ಳು ಮಾತು ಇವರ ಹೆಸರಿಗೆ ಅಂಟಿತ್ತು. ಆಡಿದೋರು ಇಲ್ಲಿದ್ರೆ ಮಣ್ಣಿಗಿಡೋ ಮುಂಚೆ ಇವರ ಹತ್ರ ಕ್ಷಮೆ ಕೇಳ್ಕೊಳ್ಳಿ. ನಾನು ಕೇಳ್ಕೊಂಡೆ."

ಗಂಡಸರಲ್ಲಿ ಗುಜುಗುಜು ಹಬ್ಬಿತು. ಒಬ್ಬೊಬ್ಬರಾಗಿ ಎಷ್ಟೋ ಜನ ಏನೋ ಗೊಣಗಿಕೊಂಡರು. ಪರದೆಯ ಹಿಂದೆ ಅಕ್ಕಪಕ್ಕದ ಹೆಂಗಸರು, ಮಗಳ ಹೊಟ್ಟೆ ತಣ್ಣಗಾಯಿತು ನೋಡಿ ಎಂದು ನಜ್ವಾಳ ಬೆನ್ನು ಸವರಿದರು. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ನಮಾಜು ಶುರುವಾಯಿತು.

*

ಗಂಡಸರು ಖಬರಸ್ತಾನದಿಂದ ಮರಳುವ ಮೊದಲೇ ಅವಳು ಮನೆಗೆ ಬಂದಳು. ಇನ್ಶಿರಾಹ್ ಬಾಗಿಲಿಗೇ ಕಣ್ಣಿಟ್ಟು ಕುಳಿತಿದ್ದಳು.

"ಲೆನ್ಸು?"

"ಇದೆ. ಎಲ್ಲ ಇದೆ ಅಮ್ಮ."

ತಾಯಿಯ ಕಣ್ಣು ಮಗಳ ತೋಳಿನ ಮೇಲಿದ್ದ ಬಟ್ಟೆಗೆ ಬಿತ್ತು. ದಾಳಿಂಬೆ ಹೂವನ್ನು ಬೆರಳಿನಿಂದ ಮುಟ್ಟಿದಳು.

"ಎಲ್ಲಿತ್ತು?"

"ಅದರ ಮೇಲೆ ಹೊದಿಸಿದ್ರು."

 ಅಡುಗೆಮನೆಯಿಂದ ಉಮ್ಮು ರಮ್ಜಿ ಕಾಫಿಯ ತಟ್ಟೆ ಹಿಡಿದು ಬಂದವಳು, ಚಾದರ ನೋಡಿ ನಿಂತಲ್ಲೇ ನಿಂತಳು.  ಅವಳು ತಟ್ಟೆಯನ್ನು ನೆಲದ ಮೇಲಿಟ್ಟಳು.

ಇನ್ಶಿರಾಹ್ ಎದ್ದಳು.  ಚಾದರದ ಎರಡು ಮೂಲೆ ಹಿಡಿದು ಕೊಡವಿದಳು. ಕೆಳಗೆ ಜೋತ ಇನ್ನೆರಡು ಮೂಲೆಗಳನ್ನು ಉಮ್ಮು ರಮ್ಜಿ ಬಗ್ಗಿ ಹಿಡಿದುಕೊಂಡಳು. ಇಬ್ಬರೂ ಎಳೆದು ಬಿಗಿ ಮಾಡಿದರು. ಮೂಲೆಗೆ ಮೂಲೆ ಕೂಡಿಸಲು ಒಬ್ಬರ ಕಡೆಗೊಬ್ಬರು ನಡೆದರು. ಬೆರಳಿಗೆ ಬೆರಳು ತಾಗಿತು. ಹಿಂದೆ ಸರಿದು, ಮತ್ತೆ ಹತ್ತಿರ ಬಂದರು.

ನಜ್ವಾ ಗೋಡೆಗೊರಗಿ ನಿಂತು ಕೈಯಲ್ಲಿದ್ದ ದಾರದಲ್ಲಿ ತಾನೇ ಹಾಕಿದ್ದ ಗಂಟಿಗೆ ಉಗುರು ಹಾಕುತ್ತಿದ್ದಳು. ಕತ್ತರಿ ಬಿದ್ದದ್ದು ಬೇರೆ ಕಡೆ. ಗಂಟು ಹಾಗೆಯೇ ಇತ್ತು.