ವಾಲಿದ ಭುಜ

ನಾನು ಅಕ್ಕ ಎನ್ನುವ ನನ್ನ ಹಿರಿಯ ಓರಗಿತ್ತಿ ನಡೆಯುವಾಗ ಅವಳ ಎಡಭುಜ ಬಲಭುಜಕ್ಕಿಂತ ಒಂದಿಷ್ಟು ಕೆಳಗಿರುತ್ತಿತ್ತು, ಕಣ್ಣಿಗೆ ಕಾಣದ ಬಕೆಟ್ಟೊಂದನ್ನು ಸದಾ ಹಿಡಿದವಳ ಹಾಗೆ. ಆ ಬಕೆಟ್ಟು ಒಂದು ಕಾಲಕ್ಕೆ ನಿಜವಾಗಿಯೂ ಇತ್ತು. ನಲ್ಲಿಯ ನೀರು ನಮ್ಮ ಮಹಡಿಗೆ ಏರದಿದ್ದ ವರ್ಷಗಳಲ್ಲಿ ಗಂಡ, ಮಾವ, ಮೈದುನ ಎಲ್ಲರ ಸ್ನಾನದ ನೀರೂ ಅವಳ ಎಡಗೈಯಲ್ಲೇ ಮೆಟ್ಟಿಲು ಹತ್ತಿತು. ಬಲಗೈ ಕಂಬಿ ಹಿಡಿಯಲು ಬೇಕಿತ್ತು. ಆ ನೀರಿಗಾಗಿಯೇ ಬೀದಿಯ ಹೆಂಗಸರನ್ನು ಕಟ್ಟಿಕೊಂಡು ಜಗಳವಾಡುತ್ತ ಅವಳು ನಗರಸಭೆಯ ಸದಸ್ಯೆಯಾದಳು, ಆಮೇಲೆ ಅಧ್ಯಕ್ಷೆಯೂ ಆದಳು. ಭುಜ ಮಾತ್ರ ಮೇಲೇಳಲಿಲ್ಲ.

ಊರಿನ ದೊಡ್ಡ ಪತ್ರಿಕೆಗೆ ಅವಳನ್ನು ಕಂಡರಾಗದು. ಅದರ ವ್ಯಂಗ್ಯಚಿತ್ರಕಾರ ಅವಳನ್ನು ಬೀಳಲಿರುವ ಕಂಬದ ಹಾಗೆ ಬರೆದು 'ಓರೆಯಮ್ಮ' ಎಂದು ಹೆಸರಿಟ್ಟ. ಗಂಡನ ಹಳೆಯ ಬೂದು ಕೋಟು ತೊಟ್ಟು ಕಚೇರಿಗೆ ಹೋಗುತ್ತಿದ್ದಳಲ್ಲ, ಆ ಕೋಟೂ ಚಿತ್ರಕ್ಕೆ ಬಂತು. ಅಕ್ಕ ಬೆಳಿಗ್ಗೆ ಅಡುಗೆ ಮುಗಿಸಿ, ಗಂಡಸರೆಲ್ಲ ಓದಿ ಬಿಸಾಡಿದ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಅದರ ಮೇಲೆಯೇ ಅಕ್ಕಿ ಆರಿಸುತ್ತ ಓದುತ್ತಿದ್ದಳು. ಕಲ್ಲು ಬೇರೆ ಮಾಡುವ ಬೆರಳಿನಲ್ಲೇ ಸುದ್ದಿಯನ್ನೂ ಬೇರೆ ಮಾಡುತ್ತಿದ್ದಳು.

"ಇದು ನನ್ನ ವಿಷಯ, ಬಿಡು. ಇದು ಊರಿನ ವಿಷಯ, ಇಡು. ಕೋಟು ಹೇಗಿದ್ರೇನೇ, ಮೋರಿ ಹೇಗಿದೆ ಅಂತ ಬರ್ದಿದಾರಾ ನೋಡು."

ಆ ಪತ್ರಿಕೆಯವರನ್ನು ಕಚೇರಿಯೊಳಗೆ ಬಿಡಬೇಡ ಎಂದು ಪಕ್ಷದ ಮುಖಂಡರು ಒತ್ತಾಯಿಸಿದಾಗ ಅವಳು ನಕ್ಕಿದ್ದಳು. "ಬಾಗಿಲು ಹಾಕಿದ್ರೆ ವಾಸನೆ ಹೋಗುತ್ತಾ ಅಣ್ಣ? ಒಳಗೇ ನಿಲ್ಲುತ್ತೆ."

ಆದರೆ ಎಂಥ ಪಳಗಿದ ಕೈಯೂ ಒಮ್ಮೆ ಕಾಳನ್ನು ಕಲ್ಲೆಂದು ಎಸೆಯುತ್ತದೆ. ಒಂದು ದಿನದ ಚಿತ್ರದಲ್ಲಿ ನಲ್ಲಿಯ ಮುಂದೆ ಹೆಂಗಸರ ಸಾಲು, ಎಲ್ಲರೂ ಅವಳಂತೆಯೇ ಎಡಕ್ಕೆ ವಾಲಿದವರು. "ನನ್ನ ವಿಷಯ" ಎಂದು ಅಕ್ಕ ಹಾಳೆ ಮಡಚಿದಳು. ಆ ಹೆಂಗಸರ ಬಕೆಟ್ಟುಗಳ ನೀರಿಗೆ ವ್ಯಂಗ್ಯಚಿತ್ರಕಾರ ಕಪ್ಪು ಬಳಿದಿದ್ದ. ದರ್ಜಿಗಳ ಬೀದಿಯಲ್ಲಿ ಕುಡಿಯುವ ನೀರಿನ ಪೈಪು ಒಡೆದು ಮೋರಿ ನೀರು ಸೇರುತ್ತಿತ್ತು. ಕೆಲವೇ ದಿನಗಳಲ್ಲಿ ಆ ಬೀದಿಯ ಮಕ್ಕಳು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು.

"ಎಂಜಿನಿಯರ್ ಮೇಲೆ ಹಾಕು. ಇಲ್ಲಾಂದ್ರೆ ಅದು ಪತ್ರಿಕೆಯವರ ಪಿತೂರಿ ಅನ್ನು," ಎಂದರು ಭಾವ, ತಟ್ಟೆಯಿಂದ ತಲೆಯೆತ್ತದೆ. ಮುಖಂಡರು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದರು: ತಪ್ಪೆಂದು ಒಪ್ಪಿಕೊಂಡರೆ ಹಿಂದೆ ಯಾರೂ ನಿಲ್ಲುವುದಿಲ್ಲ, ಕುರ್ಚಿ ಹೋಗುತ್ತದೆ. ಅಕ್ಕ ಊಟ ಬಡಿಸಿ ಮುಗಿಸಿದಳು, ಕೋಟು ತೊಟ್ಟಳು.

ಪತ್ರಕರ್ತರ ಮುಂದೆ ಆ ಚಿತ್ರವನ್ನೇ ಹಿಡಿದು ನಿಂತಳು. "ಇದ್ರಲ್ಲಿ ನಾನು ನನ್ನನ್ನೇ ನೋಡ್ಕೊಂಡೆ. ಬಕೆಟ್ ನೋಡ್ಲಿಲ್ಲ. ಬರೆದೋರು ಸರಿಯಾಗೇ ಬರೆದಿದ್ರು."

"ಹಾಗಾದ್ರೆ ರಾಜೀನಾಮೆ ಕೊಡ್ತೀರಾ?"

"ಪೈಪ್ ಬದಲಾಗೋವರೆಗೂ ಇಲ್ಲ. ಆಮೇಲೆ ನೀವು ಕೇಳೋದೇ ಬೇಡ, ನಮ್ಮೋರೇ ಕೇಳ್ತಾರೆ."

ಎಲ್ಲರೂ ನಕ್ಕರು. ಮರುದಿನದ ಪತ್ರಿಕೆಯಲ್ಲಿ ಆ ನಗು ಇರಲಿಲ್ಲ. 'ತಪ್ಪೊಪ್ಪಿಕೊಂಡ ಓರೆಯಮ್ಮ' ಎಂದಷ್ಟೇ ಇತ್ತು. ಪೈಪು ಬದಲಾಗುವವರೆಗೆ ಅವಳು ಆ ಬೀದಿಯ ಅಗೆದ ಮಣ್ಣಿನ ಪಕ್ಕದಲ್ಲೇ ಇದ್ದಳು. ಮಕ್ಕಳು ಚೇತರಿಸಿಕೊಂಡು ಮನೆಗೆ ಬಂದರು. ನಮ್ಮೋರು ಕೇಳಿದರು, ಅವಳು ರಾಜೀನಾಮೆ ಕೊಟ್ಟಳು.

ಆಮೇಲೊಂದು ಬೆಳಿಗ್ಗೆ ನಾನು ಹೋದಾಗ ಅವಳು ಅದೇ ಮೇಜಿನ ಮುಂದೆ ಅಕ್ಕಿ ಆರಿಸುತ್ತಿದ್ದಳು. ಭಾವ ಒಳಕೋಣೆಯಲ್ಲಿದ್ದರು, ಅವರ ತಟ್ಟೆ, ಲೋಟ ಎಂದಿನಂತೆ ತೊಳೆಯಲು ಬಿದ್ದಿದ್ದವು. ಫೋನು ಮೂಲೆಯಲ್ಲಿ ಸುಮ್ಮನಿತ್ತು.

"ಇವತ್ತು ನನ್ನ ಬಗ್ಗೆ ಏನೂ ಬಂದಿಲ್ಲ ಕಣೆ," ಎಂದಳು.

"ದರ್ಜಿಗಳ ಬೀದಿ ಬಗ್ಗೆ?"

"ಅದೂ ಇಲ್ಲ. ನೀರು ಚೆನ್ನಾಗಿ ಬರ್ತಿರಬೇಕು."

ಅಧಿಕಾರದಲ್ಲಿದ್ದೂ ಬೈಗುಳಕ್ಕೆ ಕಿವಿಗೊಡುವವರಿಗೆ ಜೊತೆ ಸಿಗುವುದು ಕಷ್ಟ. ಬೈದವರ ಕಣ್ಣಿಗೆ ಅವರು ಸೋತವರು, ತಮ್ಮವರ ಕಣ್ಣಿಗೆ ಬಿಟ್ಟುಕೊಟ್ಟವರು. ಮನೆಮನೆಗೆ ನೀರು ಹೊತ್ತ ಹೆಂಗಸರ ಪಾಡೇ ಅವರದ್ದೂ: ನಲ್ಲಿಯಲ್ಲಿ ನೀರು ಬಂದ ಮೇಲೆ ಹೊತ್ತವರ ನೆನಪು ಯಾರಿಗೂ ಇರುವುದಿಲ್ಲ, ಅವರ ಭುಜಕ್ಕೆ ಮಾತ್ರ ಇರುತ್ತದೆ.