ಆಲೆಮನೆಗೇ ಮೀಸಲಾದ ಶೂ

ಕಿರಂಗೂರಿನ ಸಿದ್ದರಾಜು ಅವರ ಆಲೆಮನೆಯೊಳಗೆ ಚಪ್ಪಲಿ ಕಾಲಲ್ಲಿ ಯಾರೂ ಹೋಗುವಂತಿರಲಿಲ್ಲ. ಬೆಲ್ಲವೆಂದರೆ ಲಕ್ಷ್ಮಿ, ಒಲೆಗೆ ಪೂಜೆ ಮಾಡದೆ ಬೆಂಕಿ ಹಚ್ಚುವವರಲ್ಲ ಅವರು. ಕುದಿಯುವ ಕೊಪ್ಪರಿಗೆಯ ಪಕ್ಕ ಎಲ್ಲರೂ ಬರಿಗಾಲಲ್ಲೇ ನಿಲ್ಲುತ್ತಿದ್ದರು. ಭಕ್ತಿಗೇನೂ ಕಡಿಮೆಯಿರಲಿಲ್ಲ, ಕಾಲಿನ ಯೋಚನೆ ಮಾತ್ರ ಯಾರಿಗೂ ಬಂದಿರಲಿಲ್ಲ.

ಒಂದು ದಿನ ಪಾಕವನ್ನು ಅಚ್ಚಿಗೆ ಸುರಿಯುವಾಗ, ಅಲ್ಲಿ ಪಾಕದ ಹದ ನೋಡುತ್ತಿದ್ದ ಕೆಲಸಗಾರ ಶಿವಣ್ಣ ಜಾರಿದ. ಬಿಸಿ ಪಾಕ ಬಲಗಾಲಿನ ಮೇಲೆ ಬಿತ್ತು. ಪಾಕ ನೀರಿನಂತೆ ಹರಿದುಹೋಗುವುದಿಲ್ಲ, ಅಂಟಿಕೊಂಡೇ ಸುಡುತ್ತದೆ.

ಆಸ್ಪತ್ರೆಯಿಂದ ಮನೆಗೆ ಬಂದ ಅವನನ್ನು ನೋಡಲು ಸಿದ್ದರಾಜು ಹೋದಾಗ ಆಶಾ ಕಾರ್ಯಕರ್ತೆ ಪ್ರಮೀಳಾ ಅಲ್ಲೇ ಇದ್ದರು.

"ಬೇಗ ವಾಸಿ ಮಾಡ್ಕೊಂಡು ಬಾರ್ಲಾ. ನೀನಿಲ್ದೆ ಪಾಕದ ಹದಾನೇ ಸಿಕ್ತಿಲ್ಲ," ಎಂದರು ಸಿದ್ದರಾಜು.

"ಬರ್ತೀನಿ ಕಣಣ್ಣ. ಆದ್ರೆ ಕೊಪ್ಪರಿಗೆ ತಾವ ನಿಲ್ಲಾಕೆ ಭಯ ಆಯ್ತದೆ," ಎಂದ ಶಿವಣ್ಣ.

ಪ್ರಮೀಳಾ ಹೇಳಿದರು: "ಇನ್ಮೇಲೆ ಬರಿಗಾಲು ಬ್ಯಾಡ. ಬೆರಳು ಮುಚ್ಚೋ, ಜಾರದೆ ಇರೋ, ಬಿಸಿ ತಡಿಯೋ ಸೇಫ್ಟಿ ಶೂ ಬೇಕು. ಪ್ಯಾಂಟು ಶೂ ಮ್ಯಾಲೆ ಇಳಿಬಿದ್ದಿರ್ಬೇಕು. ಒಳಕ್ಕೆ ಸಿಗಿಸಿದ್ರೆ ಪಾಕ ಒಳಕ್ಕೇ ಇಳೀತದೆ."

"ಬೀದಿ ತುಳಿದ ಶೂ ಬೆಲ್ಲದ ತಾವ್ಕಾ? ಆಗಕಿಲ್ಲ ಬುಡವ್ವ," ಎಂದರು ಸಿದ್ದರಾಜು.

"ಪಾಕ ತಿರುವೋ ಸೌಟ್ನ ಕೊಟ್ಟಿಗೆಗೆ ತಗೊಂಡೋಗ್ತೀರಾ ಗೌಡ್ರೇ?"

"ಏನ್ ಮಾತು ಅಂತ ಆಡ್ತೀಯವ್ವ! ಅದು ಆಲೆಮನೆಗೇ ಮೀಸಲು."

"ಶೂನೂ ಅಂಗೇ ಮೀಸಲಿಡಿ. ತೊಳೆದು ಅಲ್ಲೇ ಇಡಿ, ಬೀದಿಗೆ ತರಬ್ಯಾಡಿ. ಕೊಡಿಸೋದು ಮಾತ್ರ ಯಜಮಾನ್ರಾದ ನೀವೇ."

ಪಕ್ಕದಲ್ಲೇ ಕೂತಿದ್ದ ಶಿವಣ್ಣನ ಹೆಂಡತಿ ಅಣ್ಣಮ್ಮ ಸಿದ್ದರಾಜು ಕಡೆ ತಿರುಗಿದಳು.

"ಬೆಲ್ಲಕ್ಕೆ ಇಷ್ಟು ಮರ್ವಾದೆ ಕೊಡ್ತೀರಿ. ಬೆಲ್ಲ ಮಾಡೋರ ಕಾಲ್ಗೂ ಒಸಿ ಕೊಡಿ ಅಣ್ಣ."

ಸಿದ್ದರಾಜು ಬ್ಯಾಂಡೇಜು ಸುತ್ತಿದ ಆ ಕಾಲನ್ನೇ ನೋಡುತ್ತ ಕೂತರು. ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

ಕಾಲು ವಾಸಿಯಾಗಿ ಮರಳಿದ ದಿನ ಶಿವಣ್ಣ ಎಂದಿನಂತೆ ಚಪ್ಪಲಿ ಬಿಟ್ಟು ಹೊಸಿಲು ದಾಟಲು ಹೋದ. ಒಳಗಿನಿಂದ ಸಿದ್ದರಾಜು ಗದರಿದರು. ಅವರ ಕಾಲಲ್ಲೂ ಹೊಸ ಶೂ ಇತ್ತು.

"ಲೇ, ಬರಿಗಾಲಲ್ಲಿ ಬಂದೀಯೆ! ಬಾಗ್ಲು ಪಕ್ಕ ಹಲಗೆ ಮ್ಯಾಲೆ ನಿನ್ ಶೂ ಅದೆ. ಹಾಕ್ಕೊಂಡು ಬಾರ್ಲಾ!"

ಯಜಮಾನರೇ, ಆಲೆಮನೆಯಾಗಲಿ, ಗಾರೆ ಕೆಲಸವಾಗಲಿ, ನಾಳೆ ಕೆಲಸ ಶುರುವಾಗುವ ಮುಂಚೆ ಒಮ್ಮೆ ನಿಮ್ಮ ಜನರ ಕಾಲು ನೋಡಿ. ಕೆಲಸಗಾರರೇ, ಶೂ ಕೊಡಿಸಿ ಎಂದು ಕೇಳಲು ಸಂಕೋಚಪಡಬೇಡಿ. ಮನೆಯವರೆಲ್ಲ ನಿಮ್ಮ ಕಾಲನ್ನೇ ನಂಬಿದ್ದಾರೆ.