ಎರಡು ಬೆರಳಿನ ಸಂದು

ಚಿತ್ರದುರ್ಗದ ಲಾರಿ ಸ್ಟ್ಯಾಂಡಿನ ಪಕ್ಕ, ಕರಿಯಣ್ಣನ ಟೈರಂಗಡಿಯ ಗೋಡೆಗೆ ಒರಗಿಸಿಟ್ಟಿದ್ದ ದೊಡ್ಡ ಟೈರುಗಳು ಕೆಂಚಕ್ಕನ ಕಣ್ಣಿಗೆ ಯಾವಳೋ ರಾಕ್ಷಸಿ ನೀರು ಹಾಕಿಕೊಳ್ಳಲು ಹೋಗುವಾಗ ಕಳಚಿಟ್ಟ ಬಳೆಗಳಂತೆ ಕಂಡವು. ಬಳೆಯೊಡತಿ ಇಲ್ಲೇ ಎಲ್ಲೋ ಇದ್ದಾಳೆ, ಇನ್ನೇನು ಬಂದುಬಿಡುತ್ತಾಳೆ ಅನ್ನಿಸಿ ಬೆದರಿ ಹಿಂದೆ ತಿರುಗಿ ನೋಡಿದಳು.

ಗಂಡ ಮುದ್ದಪ್ಪನಿಗೆ ಅಂಥ ಭಯವೇನೂ ಇರಲಿಲ್ಲ. ಹೋದ ತಿಂಗಳು ಬಾಗೂರಿನ ಎರೆಮಣ್ಣಿನಲ್ಲಿ ಅವನ ಲಾರಿ ಅಚ್ಚಿನ ತನಕ ಹೂತು, ಆರು ಜೊತೆ ಎತ್ತು ಕಟ್ಟಿ ಎಳೆಸಬೇಕಾಗಿತ್ತು. ಅಂದಿನ ನಗು ಅವನ ಕಿವಿಯಿಂದ ಇನ್ನೂ ಇಳಿದಿರಲಿಲ್ಲ. ಇನ್ನೊಮ್ಮೆ ಹೂಳದ ಹಾಗೆ ಮಿಲಿಟರಿ ಹರಾಜಿನಲ್ಲಿ ಬಂದ ಅಗಲದ ಗಾಲಿ ಡಿಸ್ಕು, ಅದಕ್ಕೊಪ್ಪುವ ದೊಡ್ಡ ಟೈರು ಹಾಕಿಸಿಯೇ ತೀರುವುದೆಂದು ಹಟ ಹಿಡಿದಿದ್ದ.

ನಾಳೆ ಜವನಗೊಂಡನಹಳ್ಳಿಯಿಂದ ಕೆಂಚಕ್ಕನ ತವರಿನ ಎಂಬತ್ತು ಕುರಿಗಳನ್ನು ಹೇರಿಕೊಂಡು, ಮಾರಿಕಣಿವೆಯ ತಿರುವು ದಾಟಿ ಹೊಸದುರ್ಗದ ಕಡೆಯ ಮೇವಿಗೆ ಬಿಡಬೇಕು. ಮುದ್ದಪ್ಪ ಕುರಿ ಕಾಯುವ ಮನೆಯವನೇ. ಆದರೆ ಮೀಸೆ ಮೂಡುವ ಮೊದಲೇ ಲಾರಿ ಹತ್ತಿದವನು, ಇಷ್ಟು ವರ್ಷ ಹೇರಿದ್ದೆಲ್ಲ ಕಡಲೆಕಾಯಿ ಮೂಟೆ.

ಕರಿಯಣ್ಣ ಮುಂದಿನ ಎಡಗಡೆಗೆ ಒಂದು ಟೈರು ಕೂರಿಸಿ, ಸ್ಟೇರಿಂಗ್ ಪೂರಾ ತಿರುಗಿಸಿ, ಮಡ್ಗಾರ್ಡಿನ ಕೆಳಗೆ ಬೆರಳಿಟ್ಟು ನೋಡಿದ.

"ಎರಡು ಬೆರಳು ಸಂದು ಐತೆ. ಇನ್ನೇನು ಬೇಕ್ರಿ?"

"ಅದು ಖಾಲಿ ಲಾರಿಗೆ," ಅಂದಳು ಕೆಂಚಕ್ಕ.

"ನೋಡ್ರಪ್ಪ, ಮೇಸ್ತ್ರಿ ಬಂದ್ಳು!" ಮುದ್ದಪ್ಪ ನಕ್ಕ. ಆದರೂ ಪಕ್ಕದ ಮಂಡಿಯ ಹಮಾಲಿಗಳನ್ನು ಕೂಗಿದ. ಇಪ್ಪತ್ತು ಮಂದಿ ಬೀಡಿ ಕಚ್ಚಿಕೊಂಡೇ ಹತ್ತಿ ಲಾರಿಯ ನಡುವೆ ನಿಂತರು. ಸಂದು ಒಂದು ಬೆರಳಾಯಿತು. ಅಷ್ಟೆ.

"ಸಮಾಧಾನ ಆತಾ?"

ಆಗಲಿಲ್ಲ. ಹೋದ ವರ್ಷ ಬೇರೆಯವರ ಲಾರಿಯಲ್ಲಿ ಅಪ್ಪನ ಕುರಿಗಳ ಜೊತೆ ಹಿಂದೆ ನಿಂತು ಬಂದಿದ್ದಳು. ತಿರುವಿನಲ್ಲಿ ಒಂದು ಕುರಿ ಜಾರಿತ್ತು, ಅದರ ಹಿಂದೆ ಇನ್ನೊಂದು, ಆಮೇಲೆ ಇಡೀ ಮಂದೆ. ಕುರಿಗಳ ಉಣ್ಣೆಯ ಬಿಸಿ ಅವಳನ್ನು ಹಲಗೆಗೆ ಅವುಚಿ ಉಸಿರುಗಟ್ಟಿಸಿತ್ತು. ಇಷ್ಟು ಜನರ ಮುಂದೆ ಅವಳು ಮಾತಾಡಿದವಳಲ್ಲ. ಆದರೂ ಸುಮ್ಮನಿರಲಾಗಲಿಲ್ಲ.

"ಕುರಿ ಹಿಂಗೆ ನಿಲ್ಲಲ್ಲ ಕಣ್ರಿ. ಮೂಟೆ ಅಲ್ಲ ಅವು. ಒಂದು ಹೋದ ಕಡೀಗೆ ಎಲ್ಲಾ ಹೋಗ್ತವೆ. ಎಲ್ರೂ ಎಡಗಡೆ ಬರ್ರಿ ನೋಡಾಣ."

"ನಮ್ಮನ್ನ ಕುರಿ ಮಾಡಿಬಿಟ್ಟೆಲ್ಲವ್ವ!" ಅಂದ ಹಮಾಲಿ ಜಂಪಣ್ಣ. ಮಂದಿ ಬ್ಯಾ ಬ್ಯಾ ಎಂದು ಕೂಗುತ್ತ ಎಡಕ್ಕೆ ನುಗ್ಗಿತು. ಲಾರಿ ನರಳಿ ವಾಲಿತು. ಕರಿಯಣ್ಣ ಬೆರಳು ಕಿತ್ತುಕೊಂಡ. ಮಡ್ಗಾರ್ಡಿನ ಅಂಚು ಹೊಸ ರಬ್ಬರಿನೊಳಗೆ ಹೂತು ಕೂತಿತ್ತು.

ನಗು ನಿಂತಿತು. ಮುದ್ದಪ್ಪ ಕುಕ್ಕರಗಾಲಲ್ಲಿ ಕೂತು ಆ ಕಚ್ಚನ್ನೇ ನೋಡಿದ. ಮಾರಿಕಣಿವೆಯ ತಿರುವಿನಲ್ಲಿ ಟೈರು ಹಿಂಗೆ ಕಚ್ಚಿಕೊಂಡು ಸ್ಟೇರಿಂಗ್ ತಿರುಗದಿದ್ದರೆ ಕೆಳಗಿನ ಕಮರಿ ಎಷ್ಟು ಆಳ ಎಂಬುದನ್ನು ಅವನಿಗೆ ಯಾರೂ ಹೇಳಬೇಕಿರಲಿಲ್ಲ.

"ಮಡ್ಗಾರ್ಡ್ ಕತ್ತರಿಸಿ ಬಿಸಾಕಾಣ," ಅಂದ ಕರಿಯಣ್ಣ. "ಇಲ್ಲಾಂದ್ರೆ ನಡುವಿನ ಸೈಜು ಐತೆ."

"ಕತ್ತರಿಸಿದ್ರೂ ಒಳಗಡೆ ಸ್ಪ್ರಿಂಗ್ ಪಟ್ಟಿಗೆ ತಾಗ್ತೈತೆ," ಅಂದ ಮುದ್ದಪ್ಪ. ತಲೆಯೆತ್ತಿ ಹೆಂಡತಿಯನ್ನು ನೋಡಿದ. ದನಿಯಲ್ಲಿ ಅಣಕವಿರಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ಭಯವಾಯಿತು. "ನಡುವಿನದು ಹಾಕ್ಸಿ ಮತ್ತೆ ಎರೆಮಣ್ಣಾಗೆ ಹೂತ್ರೆ? ನೀನೇ ಹೇಳಿಬಿಡು."

ಜೋಗಿಮಟ್ಟಿ ಬೆಟ್ಟದ ಮೇಲೆ ಮೋಡ ಕಪ್ಪಾಗುತ್ತಿತ್ತು. ಈಗ ತಾನು ಹೇಳಿದ್ದೇ ಆಗುತ್ತದೆ, ಆಗಬಾರದ್ದು ಆದರೂ ತನ್ನ ಮಾತಿನಿಂದಲೇ. ಕೆಂಚಕ್ಕ ಟೈರಿನ ಆ ಕಚ್ಚನ್ನು ಮತ್ತೊಮ್ಮೆ ನೋಡಿದಳು.

"ನಡುವಿನದೇ," ಅಂದಳು. "ಹೂತ್ರೆ ಕುರಿ ಇಳ್ಸಿದ್ರಾತು, ಅವಕ್ಕೆ ಕಾಲು ಅವೆ. ತಿರುವಿನಾಗೆ ಯಾರನ್ನ ಇಳ್ಸಾಕಾಗ್ತೈತೆ?"

ಮುದ್ದಪ್ಪ ಮಣ್ಣು ಕೊಡವಿಕೊಂಡು ಎದ್ದ. "ಬಿಚ್ಚೋ ಕರಿಯಣ್ಣ, ದೊಡ್ಡದು ಬ್ಯಾಡ."

"ನಾಳೆ ನಾನೂ ಬರ್ತೀನಿ," ಅಂದಳು ಅವಳು, "ಹಿಂದೆ, ಕುರಿ ಜೊತೆ."

"ಯಾಕೆ, ಅವನ್ನ ನಡುವೆ ನಿಲ್ಸಾಕಾ?"

"ಹ್ಞೂಂ. ಒಂದನ್ನ ಹಿಡ್ಕಂಡ್ರೆ ಸಾಕು, ಮೊದ್ಲು ಜಾರೋದನ್ನ."

ಯಾವುದು ಮೊದಲು ಜಾರುತ್ತದೆಂದು ಅವಳಿಗೂ ಗೊತ್ತಿರಲಿಲ್ಲ. ತವರಿನ ಎಂಬತ್ತು ಕುರಿಗಳ ಮುಖಗಳನ್ನು ಒಂದೊಂದಾಗಿ ನೆನೆಯುತ್ತ, ಅನುಮಾನಿಸುತ್ತ, ಅಲ್ಲೇ ಕಲ್ಲಿನ ಮೇಲೆ ಕೂತಳು.